ಕೈಯಲ್ಲಿ ಕಳಿಸಿದ ಪತ್ರ

೧೯೮೭ ಸೆಪ್ಟೆಂಬರ್ ೨, ಬುಧವಾರ. ಆಸ್ಪತ್ರೆ. ಬೆಳಿಗ್ಗೆ ೬

ಮತ್ತೆ ಹೊರಳಿಸಿದರು. ಎರಡು ಗಂಟೆಗೊಮ್ಮೆ ಇದೇ ಕೆಲಸ. ಮೂವರು ಸಿಸ್ಟರುಗಳು, ಒಂದು ಬೆಡ್‌ಶೀಟು, ‘ವನ್, ಟೂ, ತ್ರೀ’. ಸೊಂಟ ತಿರುಚಬಾರದು. ನಗಬಾರದು. ಸೀನು ಬಂದರೆ ಏನು ಮಾಡಲಿ ಎಂದು ಕೇಳಿದೆ. ಪ್ರಾರ್ಥನೆ ಮಾಡಿ ಎಂದಳು ಕೇರಳದವಳು.

ಮಲಗಿಕೊಂಡು ಬರೆದರೆ ಬಾಲ್‌ಪೆನ್ನು ಎರಡು ಸಾಲಿಗೆ ನಿಂತುಹೋಗುತ್ತದೆ. ಫಿಲಿಪ್ ಪೆನ್ಸಿಲ್ ತಂದುಕೊಟ್ಟ. ಅವನಿಗೆ ಇಂಥದ್ದೆಲ್ಲ ಹೊಳೆಯುತ್ತದೆ. ಆರು ವರ್ಷದಿಂದ ಒಂದೇ ರೂಮು, ಒಂದೇ ತಟ್ಟೆ.

ಇವತ್ತಿಗೆ ಹನ್ನೆರಡು ದಿನ. ಬೆಳಗಿನ ತಂಪಿನಲ್ಲಿ ಮಸ್ಕತ್ತಿನ ಮತ್ರಾದ ಸಮುದ್ರದಂಡೆಯ ರಸ್ತೆಯಲ್ಲಿ ಸೈಕಲ್ ಹೊಡೆಯುವ ಚಟ ನನ್ನದು. ಪಿಕಪ್‌ನವನು ಆಡು ತಪ್ಪಿಸಲು ಹೋದ. ಆಡು ತಪ್ಪಿತು. ನಾನು ಹಾರಿ ಕಲ್ಲಿನ ಕಟ್ಟೆಗೆ ಬೆನ್ನು ಕೊಟ್ಟು ಬಿದ್ದೆ. ಬೆನ್ನಿನ ಕೆಳಗೆ ಎಲ್ ಒನ್ ಎಂಬ ಮೂಳೆ ಜಜ್ಜಿದೆಯಂತೆ. ಕಾಲ್ಬೆರಳು ಆಡುತ್ತವೆ. ನೋಡಲು ಬಂದವರೆಲ್ಲ ಅದನ್ನು ದೊಡ್ಡ ಭಾಗ್ಯ ಎನ್ನುತ್ತಾರೆ. ಅವರ ಬೆರಳುಗಳೂ ಆಡುತ್ತವೆ, ಅವರಿಗೆ ಯಾರೂ ಹಾಗೆ ಹೇಳುವುದಿಲ್ಲ.

ಜನವರಿ ೧೧ಕ್ಕೆ ಊರಿನಲ್ಲಿ ನನ್ನ, ಇಸಾಬೆಲ್ಲಾಳ ಮದುವೆ. ಇನ್ನು ನೂರ ಮೂವತ್ತೊಂದು ದಿನ.

ಸೆಪ್ಟೆಂಬರ್ ೪, ಶುಕ್ರವಾರ

ಶುಕ್ರವಾರದ ರಜೆ. ಚರ್ಚಿನಲ್ಲಿ ಪೂಜೆ ಮುಗಿಸಿ ಫಿಲಿಪ್ ಬಂದ. ಜೊತೆಗೆ ಸಂಕಪ್ಪ, ನಮ್ಮ ರೂಮಿನ ಮೂರನೆಯವನು, ಎಸಿ ಮೆಕ್ಯಾನಿಕ್. ಮೀನು ಸಾರು ತಂದಿದ್ದರು. ಮಲಗಿದವನ ಬಾಯಿಗೆ ಸಾರು ಹಾಕುವುದು ಹೇಗೆ ಎಂದು ಇಬ್ಬರೂ ಜಗಳ ಮಾಡಿದರು. ಕೊನೆಗೆ ಅವರೇ ತಿಂದರು.

‘ಊರಿಗೆ ಒಂದು ಅಕ್ಷರ ಬರೆಯಬಾರದು. ಮುಖ್ಯವಾಗಿ ಇಸಾಬೆಲ್ಲಾಗೆ ಗೊತ್ತಾಗಬಾರದು’ ಎಂದೆ.

‘ನೀನು ಹೇಳಬೇಕಾ ಸಿರಿಲ್ ಮಾರಾಯ?’ ಎಂದ ಫಿಲಿಪ್. ‘ನಮ್ಮ ರೂಮಿನ ಪದ್ಧತಿ ಅಲ್ಲವಾ ಅದು?’

ಹೌದು. ಇಲ್ಲಿಂದ ಅಲ್ಲಿಗೆ ಕೆಟ್ಟ ಸುದ್ದಿ ಹೋಗುವುದಿಲ್ಲ. ಅಲ್ಲಿಂದ ಬಂದದ್ದನ್ನೂ ಹೊತ್ತು ನೋಡಿಯೇ ಕೊಡುವುದು. ಸಂಕಪ್ಪನ ಅಪ್ಪ ತೀರಿಕೊಂಡ ಟೆಲಿಗ್ರಾಂ ಬಂದಾಗ ಅವನ ಡ್ರೈವಿಂಗ್ ಟೆಸ್ಟಿಗೆ ಮೂರು ದಿನ ಇತ್ತು. ಟೆಸ್ಟ್ ಮುಗಿಯುವವರೆಗೆ ನನ್ನ ದಿಂಬಿನ ಕೆಳಗೆ ಇಟ್ಟುಕೊಂಡಿದ್ದೆ. ಪಾಸಾದ. ಆಮೇಲೆ ಕೊಟ್ಟೆ. ಒಳ್ಳೆಯದನ್ನೇ ಮಾಡಿದಿರಿ ಎಂದು ಅತ್ತ.

ಮಧ್ಯಾಹ್ನ ಪಿಕಪ್‌ನ ಮಹಮೂದ್ ಬಂದ. ಖರ್ಜೂರ, ಹಲ್ವ. ‘ಭಾಯಿ, ಮಾಫ್ ಕರೋ’ ಎಂದು ಕಾಲ ಬುಡದಲ್ಲಿ ನಿಂತುಕೊಂಡ. ಬೆನ್ನು ತಿರುಗಿಸೋಣ ಎಂದರೆ ಮೂವರು ಸಿಸ್ಟರುಗಳು ಬೇಕು.

ಸೆಪ್ಟೆಂಬರ್ ೭, ಸೋಮವಾರ

ಕೆಟ್ಟ ದಿನ. ಮೂತ್ರದ ನಳಿಗೆ ತೆಗೆದರು, ಮತ್ತೆ ಹಾಕಿದರು. ಸ್ನಾನ ಮಾಡಿಸಲು ಬಂದ ವಾರ್ಡ್‌ಬಾಯ್ ಗಟ್ಟಿಯಾಗಿ ಹಾಡುತ್ತಿದ್ದ, ನಾನು ಒಂದು ಪಾತ್ರೆ ಎಂಬಂತೆ ತಿಕ್ಕಿದ. ಡಾಕ್ಟರನ್ನು ನೇರ ಕೇಳಿದೆ, ಮೊದಲಿನ ಹಾಗೆ ಆಗುತ್ತೇನಾ ಎಂದು. ‘ಲೆಟ್ ಅಸ್ ಸೀ’ ಎಂದರು. ಆ ಮೂರು ಶಬ್ದದ ಮೇಲೆ ಇಡೀ ದಿನ ಮಲಗಿದ್ದೇನೆ.

ಯಾರಿಗಾದರೂ ಹೇಳದಿದ್ದರೆ ಹುಚ್ಚು ಹಿಡಿಯುತ್ತದೆ. ಹೆರಾಲ್ಡ್‌ಗೆ ಬರೆದೆ. ತಮ್ಮ. ನನಗಿಂತ ಮೂರೇ ವರ್ಷ ಚಿಕ್ಕವ, ಚಿಕ್ಕಂದಿನಿಂದ ನನ್ನ ಗುಟ್ಟೆಲ್ಲ ಅವನ ಹೊಟ್ಟೆಯಲ್ಲೇ. ಎಲ್ಲ ಬರೆದುಬಿಟ್ಟೆ. ಎದ್ದು ಕೂರುತ್ತೇನೋ ಇಲ್ಲವೋ, ಇಂಥ ಬೆನ್ನಿಗೆ ಒಬ್ಬಳನ್ನು ಕಟ್ಟಿಹಾಕುವುದು ಪಾಪ ಅಲ್ಲವಾ, ನನ್ನಿಂದ ಆಗದು ಎಂದು ಕಾಣುತ್ತದೆ... ಕೊನೆಗೆ, ಅಮ್ಮನಿಗೂ ಅವಳಿಗೂ ಹೇಳಬೇಡ, ನಿನ್ನಲ್ಲೇ ಇರಲಿ. ಬರೆದ ಮೇಲೆ ಹಗುರವಾಯಿತು.

ಇಸಾಬೆಲ್ಲಾಗೂ ಒಂದು ಬರೆದೆ. ಶುಕ್ರವಾರ ಕ್ರಿಕೆಟ್ ಆಡಿದೆ, ಇಪ್ಪತ್ತೆರಡು ರನ್ನು. ಐವತ್ತು ಎಂದು ಬರೆಯಲು ಕೈ ಹೋಗಿತ್ತು. ತಡೆದೆ.

ಅಕ್ಟೋಬರ್ ೯, ಶುಕ್ರವಾರ. ಮತ್ರಾ, ರೂಮು

ಮಂಗಳವಾರ ಬಿಟ್ಟರು. ಹಾಸಿಗೆಯ ಕೆಳಗೆ ಸಂಕಪ್ಪ ಪ್ಲೈವುಡ್ ಹಾಕಿದ್ದಾನೆ. ಸೊಂಟಕ್ಕೆ ಕಬ್ಬಿಣದ ಪಟ್ಟಿಯ ಬೆಲ್ಟು. ಗೋಡೆ ಹಿಡಿದುಕೊಂಡು ಬಚ್ಚಲಿಗೆ ಹನ್ನೊಂದು ಹೆಜ್ಜೆ. ನಾನೇ ಹೋದೆ, ನಾನೇ ಬಂದೆ. ಇಪ್ಪತ್ತೆರಡು.

ಮಹಮೂದ್ ಶುಕ್ರವಾರ ತಪ್ಪಿಸುವುದಿಲ್ಲ. ಇವತ್ತು ನಾಲ್ಕು ಮಾಳಿಗೆ ಹತ್ತಿ ಬಂದ. ಚಹಾ ಕುಡಿದೆವು.

ಇಸಾಬೆಲ್ಲಾಳ ಪತ್ರ ಬಂದು ಮೂರು ವಾರ. ಅವಳು ಕಲಿಸುವ ಶಾಲೆಯಲ್ಲಿ ಪರೀಕ್ಷೆ ಇರಬಹುದು. ಮೇ ತಿಂಗಳ ರಜೆಯಲ್ಲಿ ನಿಶ್ಚಯ ಆದಾಗ ಅವಳನ್ನು ಮೂರು ಸಲ ನೋಡಿದ್ದು, ಮೂರು ಸಲವೂ ಸುತ್ತ ಹತ್ತು ಜನ. ಅವಳನ್ನು ನಾನು ತಿಳಿದದ್ದೆಲ್ಲ ಪತ್ರದಿಂದ.

ಅಕ್ಟೋಬರ್ ೧೬, ಶುಕ್ರವಾರ

ಫಿಲಿಪ್ ರಜೆಗೆ ಹೊರಟ. ನಾಲ್ಕು ವಾರ. ಊರಿಗೆ ಹೋಗುವವನ ಕೈಯಲ್ಲಿ ಪತ್ರ ಕಳಿಸಿದರೆ ಅಂಚೆಗಿಂತ ಭದ್ರ. ಇಡೀ ಗಲ್ಲಿಯವರು ಅವನ ಸೂಟ್‌ಕೇಸಿಗೆ ಪತ್ರ ತುಂಬಿದ್ದಾರೆ. ಅವಳಿಗೆ ನನ್ನದೊಂದು ಪತ್ರ, ಒಂದು ಕೈಗಡಿಯಾರ.

‘ಅವಳ ಮನೆಯಲ್ಲಿ ಚಹಾ ಕೊಟ್ಟು ಕೂರಿಸಿ ಪೊಲೀಸರ ಹಾಗೆ ಕೇಳ್ತಾರೆ. ಏನು ಹೇಳ್ತೀ?’ ಎಂದೆ.

‘ದಪ್ಪ ಆಗಿದ್ದಾನೆ ಹೇಳ್ತೇನೆ’ ಎಂದ. ಮೆಟ್ಟಿಲಿಳಿಯುತ್ತ ನಗುತ್ತಿದ್ದ.

ನವೆಂಬರ್ ೧೪, ಶನಿವಾರ

ಫಿಲಿಪ್ ಬಂದ. ಉಪ್ಪಿನಕಾಯಿ, ಕುಚ್ಚಲಕ್ಕಿ, ಅಮ್ಮ ಕಳಿಸಿದ ಸುಕ್ರುಂಡೆ. ‘ಇಸಾಬೆಲ್ಲಾ ಏನಾದರೂ ಕೊಟ್ಟಳಾ?’ ಎಂದೆ. ‘ಚೆನ್ನಾಗಿದ್ದಾಳೆ’ ಎಂದ. ನಾನು ಕೇಳಿದ್ದು ಅದಲ್ಲ. ‘ತುಂಬ ನಿದ್ದೆ ಬರ್ತಾ ಉಂಟು’ ಎಂದು ಗೋಡೆ ಕಡೆ ತಿರುಗಿದ. ಮಧ್ಯಾಹ್ನದ ಹನ್ನೆರಡು ಗಂಟೆ.

ನವೆಂಬರ್ ೨೦, ಶುಕ್ರವಾರ

ಮೀನು ಮಾರ್ಕೆಟಿನವರೆಗೆ ನಡೆದೆ. ಒಂದು ಬಂಗುಡೆಯನ್ನು ನಾನೇ ಬಗ್ಗಿ ಎತ್ತಿದೆ. ಅಂದರೆ ಮಂಡಿ ಮಡಚಿ, ಬೆನ್ನು ನೆಟ್ಟಗೆ, ಹೇಳಿಕೊಟ್ಟ ಹಾಗೆ. ಮಾರುವವನು ನಾನು ಮೀನಿಗೆ ನಮಸ್ಕಾರ ಮಾಡುತ್ತಿದ್ದೇನೆ ಎಂದುಕೊಂಡಿರಬೇಕು.

ಫಿಲಿಪ್ ಮಾತು ಕಡಿಮೆ ಮಾಡಿದ್ದಾನೆ. ಊರು ಬಿಟ್ಟು ಬಂದ ಬೇಸರ ಎನ್ನುತ್ತಾನೆ ಸಂಕಪ್ಪ. ಹೆರಾಲ್ಡ್‌ನಿಂದ ಎರಡು ತಿಂಗಳಲ್ಲಿ ಒಂದೇ ಕಾರ್ಡು. ‘ಎಲ್ಲ ಚೆನ್ನಾಗಿದೆ. ಮದುವೆ ಕೆಲಸ ನಡೆಯುತ್ತಿದೆ.’ ಒಳ್ಳೆಯ ಹುಡುಗ. ಎಲ್ಲ ಅವನ ತಲೆ ಮೇಲೆ ಬಿದ್ದಿದೆ.

ಡಿಸೆಂಬರ್ ೧೨, ಶನಿವಾರ. ಸಂಜೆ

ಅಮ್ಮನ ಪತ್ರ. ನಾಲ್ಕು ಸಲ ಓದಿದೆ. ಇಲ್ಲಿ ಬರೆದಿಡುತ್ತೇನೆ, ನಾಳೆ ಬೆಳಿಗ್ಗೆ ಕನಸು ಎಂದು ಅನಿಸಬಾರದು.

‘ಮಗಾ, ನಿನಗೆ ಆದದ್ದು ನಮಗೆ ಸೆಪ್ಟೆಂಬರಿನಲ್ಲೇ ಗೊತ್ತಾಯಿತು. ನಿನ್ನಿಂದ ಆಗದು ಎಂದು ನೀನೇ ಹೆರಾಲ್ಡನಿಗೆ ಬರೆದಿದ್ದಿ. ಆ ಪತ್ರವನ್ನು ಅವನು ಇಸಾಬೆಲ್ಲಾಳ ಮನೆಯಲ್ಲೂ ತೋರಿಸಿದ. ಹುಡುಗಿಯ ಅಪ್ಪ ಸಂಬಂಧ ಮುರಿಯಲು ಹೊರಟಿದ್ದರು. ಹೆರಾಲ್ಡ್ ನಾನು ಕಟ್ಟಿಕೊಳ್ಳುತ್ತೇನೆ ಎಂದ. ಎರಡು ಮನೆಯ ಮಾನ ಉಳಿಯಿತು. ದಿನ ಅದೇ, ಇಗರ್ಜಿ ಅದೇ. ಮಲಗಿದವನಿಗೆ ಆಘಾತ ಆಗಬಾರದೆಂದು ಇಷ್ಟು ದಿನ ಬರೆಯಲಿಲ್ಲ. ನೀನು ಬರುವುದು ಬೇಡ, ಪ್ರಯಾಣ ಬೆನ್ನಿಗೆ ಒಳ್ಳೆಯದಲ್ಲ. ಅಲ್ಲಿಂದಲೇ ಹರಸು.’

ದಿನ ಅದೇ. ಇಗರ್ಜಿ ಅದೇ. ಪುಣ್ಯಕ್ಕೆ ನನ್ನ ಕೋಟು ಅವನಿಗೆ ಹಿಡಿಸುವುದಿಲ್ಲ.

ಡಿಸೆಂಬರ್ ೧೩

ಅವನೊಬ್ಬನಿಗೇ ಹೇಳಿದ್ದು. ಇಡೀ ಲೋಕದಲ್ಲಿ ಅವನೊಬ್ಬನಿಗೆ.

ಡಿಸೆಂಬರ್ ೧೫, ಮಂಗಳವಾರ

ಅವಳ ಪತ್ರ ಎಲ್ಲ ಹರಿದೆ. ಹದಿನಾಲ್ಕು. ತಮ್ಮ ಮೋಸ ಮಾಡಿದ, ಸರಿ. ಅವಳು? ಒಂದು ಸಾಲು ಕೇಳಬಾರದಿತ್ತೇ? ಅಣ್ಣ ಮಲಗಿದ್ದಾನೆ, ತಮ್ಮ ನಡೆಯುತ್ತಾನೆ, ಸರಿ ತಮ್ಮನೇ ಇರಲಿ... ಅಂಗಡಿಯಲ್ಲಿ ಬಟ್ಟಲು ಬದಲಾಯಿಸಿದ ಹಾಗೆ.

ಫಿಲಿಪ್‌ಗೆ ಪತ್ರ ತೋರಿಸಿದೆ. ಓದದೆಯೇ ಮಡಚಿ ಕೊಟ್ಟ. ‘ನಿನಗೆ ಗೊತ್ತಿತ್ತು’ ಎಂದೆ. ಅವನು ಅಕ್ಕಿ ತೊಳೆಯಲು ಹೋದ. ತೊಳೆದ ಅಕ್ಕಿಯನ್ನೇ ಮತ್ತೆ ತೊಳೆದ.

ಡಿಸೆಂಬರ್ ೨೨, ಮಂಗಳವಾರ

ಎಕ್ಸ್‌ರೇ. ಮೂಳೆ ಕೂಡಿದೆ. ಬೆಲ್ಟು ಬಿಚ್ಚಿಸಿದರು. ಜನವರಿಯಿಂದ ಕೆಲಸಕ್ಕೆ ಹೋಗಬಹುದು, ಭಾರ ಮಾತ್ರ ಎತ್ತಬೇಡ ಎಂದರು ಡಾಕ್ಟರ್. ‘ಯೂ ಆರ್ ಅ ಲಕ್ಕಿ ಮ್ಯಾನ್.’ ಸಿಸ್ಟರ್ ಚಪ್ಪಾಳೆ ತಟ್ಟಿದಳು. ಮದುವೆಗೆ ಸರಿಯಾಗಿ ವಾಸಿಯಾಯಿತು ನೋಡಿ ಎಂದಳು. ಅವಳಿಗೆ ಹೇಳಿದ್ದೆ ನಾನು, ಸೆಪ್ಟೆಂಬರಿನಲ್ಲಿ.

೧೯೮೮ ಜನವರಿ ೧, ಶುಕ್ರವಾರ. ಮಧ್ಯಾಹ್ನ ೩

ಪೂಜೆಯಿಂದ ಬಂದು ಫಿಲಿಪ್ ಬಾಗಿಲು ಹಾಕಿದ. ಟ್ರಂಕಿನ ತಳದಿಂದ ಒಂದು ಕವರು ತೆಗೆದು ನನ್ನ ಮುಂದೆ ಇಟ್ಟ. ಅಂಟು ಒಡೆದಿಲ್ಲ. ಅವಳ ಅಕ್ಷರ.

‘ಹೊರಡುವ ದಿನ ಅವಳೇ ಬಸ್ ಸ್ಟ್ಯಾಂಡಿಗೆ ಬಂದು ಕೊಟ್ಟಳು. ಸಿರಿಲ್‌ನ ಕೈಯಲ್ಲೇ ಕೊಡಬೇಕು ಅಂದಳು.’

‘ಮತ್ತೆ?’

‘ಹೆರಾಲ್ಡ್ ನನ್ನನ್ನು ಬಿಡಲಿಕ್ಕೆ ಬಂದಿದ್ದ. ಅವಳು ಹೋದ ಮೇಲೆ ಹೇಳಿದ, ಇದರಲ್ಲಿ ಅವಳು ಬೇಡ ಅಂತ ಬರೆದಿದ್ದಾಳೆ, ಅಣ್ಣನಿಗೆ ಈಗ ಕೊಟ್ಟರೆ ಅವನು ಏಳುವುದಿಲ್ಲ, ಕ್ರಿಸ್ಮಸ್ ಹಬ್ಬ ಮುಗಿದ ಮೇಲೆ ಕೊಡು ಅಂತ. ನಾನು ಬಂದಾಗ ನೀನು ಹೇಗಿದ್ದಿ ಹೇಳು. ಕಬ್ಬಿಣದ ಬೆಲ್ಟು ಕಟ್ಟಿ ನಡೀತಿದ್ದಿ. ಹೇಗೆ ಕೊಡಲಿ ಸಿರಿಲ್? ಸಂಕಪ್ಪನ ಟೆಲಿಗ್ರಾಂ ನೀನು ಇಟ್ಟುಕೊಳ್ಳಲಿಲ್ಲವಾ?’

ಒಡೆದೆ. ನವೆಂಬರ್ ೧೧ರ ತಾರೀಕು.

‘ಹೆರಾಲ್ಡ್ ತೋರಿಸಿದ ಪತ್ರ ನಿಮ್ಮ ಅಕ್ಷರ. ನನಗೆ ಬಂದ ಪತ್ರಗಳೂ ನಿಮ್ಮ ಅಕ್ಷರ. ಒಂದರಲ್ಲಿ ಮಲಗಿದ್ದೀರಿ, ಇನ್ನೊಂದರಲ್ಲಿ ಕ್ರಿಕೆಟ್ ಆಡುತ್ತೀರಿ. ಯಾವುದನ್ನು ನಂಬಲಿ? ಬೆನ್ನಿಗೆ ನಾನು ಹೆದರುವುದಿಲ್ಲ. ಬಾ ಎಂದು ಒಂದು ಸಾಲು ಬರೆಯಿರಿ, ಈ ತಿಂಗಳ ಕೊನೆಯವರೆಗೆ ಅಪ್ಪನನ್ನು ತಡೆಯುತ್ತೇನೆ. ಏನೂ ಬಾರದಿದ್ದರೆ ನಿಮಗೆ ನಾನು ಬೇಡ ಎಂದು ಹೆರಾಲ್ಡ್ ಹೇಳುವುದು ನಿಜವೆಂದು ತಿಳಿಯುತ್ತೇನೆ.’

ಓದಿ ಫಿಲಿಪ್‌ನ ಕೈಗೆ ಕೊಟ್ಟೆ. ಓದುತ್ತ ಓದುತ್ತ ನೆಲದ ಮೇಲೆ ಕೂತುಬಿಟ್ಟ.

‘ಬೇಡ ಅಂತ ಇಲ್ಲ ಇದರಲ್ಲಿ.’

‘ಇಲ್ಲ.’

ಅವನನ್ನು ಹೊಡೆಯಬೇಕೆನಿಸಿತು. ಬಗ್ಗಬೇಕಿತ್ತು. ಆಗಲಿಲ್ಲ.

ಜನವರಿ ೩, ಭಾನುವಾರ

ಇವತ್ತು ಅಲ್ಲಿ ಇಗರ್ಜಿಯಲ್ಲಿ ಎರಡನೇ ಸಲ ಹೆಸರು ಓದಿರುತ್ತಾರೆ. ಈ ಮದುವೆಗೆ ಅಡ್ಡಿ ಇದ್ದವರು ತಿಳಿಸಬೇಕು ಎಂದು ಪಾದ್ರಿಗಳು ಕೇಳಿರುತ್ತಾರೆ. ಅಡ್ಡಿ ಇರುವವನು ಮತ್ರಾದಲ್ಲಿ ಇದ್ದಾನೆ. ಇನ್ನೊಂದು ಓದು ಬಾಕಿ. ಮುಂದಿನ ಭಾನುವಾರ.

ಅಂಚೆ ತಲುಪುವುದಿಲ್ಲ. ಟೆಲಿಗ್ರಾಂ ಕೊಟ್ಟರೆ ಅವಳ ಅಪ್ಪನ ಕೈಗೆ. ಅವಳ ಮನೆ ಪಕ್ಕದ ಇಸುಬು ಬ್ಯಾರಿಯ ಅಂಗಡಿಯಲ್ಲಿ ಫೋನ್ ಉಂಟು. ನಂಬರ್ ಸಂಕಪ್ಪ ಯಾರಿಂದಲೋ ತಂದ.

ಜನವರಿ ೫, ಮಂಗಳವಾರ

ಮಹಮೂದ್ ಟೆಲಿಫೋನ್ ಆಫೀಸಿಗೆ ಕರೆದುಕೊಂಡು ಹೋದ. ಲೈನ್ ಸಿಗಲು ಎರಡು ಗಂಟೆ. ಅಷ್ಟು ಹೊತ್ತೂ ಹೊರಗೆ ಪಿಕಪ್‌ನಲ್ಲಿ ಕಾದ. ನನ್ನ ಬೆನ್ನು ಮುರಿದವನು ಕಾಯುತ್ತಾನೆ.

ಇಸುಬು ಎತ್ತಿದ. ‘ಮಸ್ಕತ್ತಿಂದವಾ? ಇಡಬೇಡಿ, ಟೀಚರನ್ನು ಕರೆಸ್ತೇನೆ.’ ಅಕ್ಕಿ ಅಳೆಯುವ ಸದ್ದು, ಯಾರದೋ ಕೆಮ್ಮು. ಆಮೇಲೆ ಅವಳು.

‘ಹಲೋ.’

‘ನಾನು ಸಿರಿಲ್. ನಿನ್ನ ಪತ್ರ ನನಗೆ ಮೊನ್ನೆ ಶುಕ್ರವಾರ ಸಿಕ್ಕಿದ್ದು. ಕೇಳಿಸ್ತದಾ? ಮೊನ್ನೆ ಶುಕ್ರವಾರ.’

‘ಫಿಲಿಪಣ್ಣನ ಕೈಯಲ್ಲಿ ಕೊಟ್ಟದ್ದಾ?’

‘ಹೌದು. ಹೆರಾಲ್ಡ್ ಕೊಡಬೇಡ ಅಂದನಂತೆ.’

ಲೈನಿನಲ್ಲಿ ಸಮುದ್ರದ ಹಾಗೆ ಸದ್ದು. ಮತ್ತೆ ಮೆಲ್ಲಗೆ, ‘ಮೂರು ವಾರ ದಿನಾ ಅಂಚೆಯವನನ್ನು ಕೇಳಿದೆ. ಆಮೇಲೆ ಅವನೇ ದಾರಿ ಬದಲಾಯಿಸಿದ.’

‘ಇನ್ನೂ ಒಂದು ಓದು ಉಂಟು ಇಸಾಬೆಲ್ಲಾ. ಪಾದ್ರಿಗಳಿಗೆ ಹೇಳು. ನಾನು ಬರ್ತೇನೆ, ಟಿಕೆಟ್ ಉಂಟು.’

‘ನೀವು ಅವಾಗಲೇ ನನಗೆ ಹೇಳಿದ್ದರೆ? ಅವರಿಗೆ ಬರೆದದ್ದನ್ನು ನನಗೆ ಬರೆದಿದ್ದರೆ?’

ಟಿಕೆಟಿನ ಮಾತನ್ನೇ ಮತ್ತೆ ಹೇಳಲು ಹೋದೆ. ಅಷ್ಟರಲ್ಲಿ ಅವಳ ದನಿ ಬದಲಾಯಿತು. ಗಟ್ಟಿಯಾಯಿತು, ಅಂಗಡಿಯಲ್ಲಿದ್ದವರಿಗೆಲ್ಲ ಕೇಳಿಸುವಷ್ಟು.

‘ಬೆನ್ನು ಹೇಗುಂಟು, ಭಾವ?’

ಭಾವ.

‘ಚೆನ್ನಾಗುಂಟು’ ಎಂದೆ.

‘ನನಗೆ ಯಾವಾಗಲೂ ಅದನ್ನೇ ಹೇಳಿದಿರಿ’ ಎಂದಳು. ಇಟ್ಟಳು.

ಜನವರಿ ೧೧, ಸೋಮವಾರ. ಮಧ್ಯಾಹ್ನದ ಊಟದ ಬಿಡುವು

ಹತ್ತಿರ ಹತ್ತಿರ ಐದು ತಿಂಗಳಾದ ಮೇಲೆ ಇವತ್ತು ಕೆಲಸಕ್ಕೆ ಬಂದೆ. ಬಿಡಿಭಾಗದ ಗೋದಾಮು, ಅದೇ ಧೂಳು, ಅದೇ ಗ್ರೀಸಿನ ವಾಸನೆ. ನನ್ನ ಕುರ್ಚಿಗೆ ಯಾರೋ ದಿಂಬು ಕಟ್ಟಿದ್ದಾರೆ. ಎಲ್ಲರೂ ಬಂದು ಕೈ ಕುಲುಕಿದರು.

ಅಲ್ಲಿ ಮದುವೆ ಹತ್ತೂವರೆಗೆ, ಎಂದರೆ ಇಲ್ಲಿ ಒಂಬತ್ತು. ಒಂಬತ್ತಕ್ಕೆ ಸರಿಯಾಗಿ ಮ್ಯಾನೇಜರ್ ಬಂದರು. ನನ್ನ ರಜೆಯ ಅರ್ಜಿ ಇನ್ನೂ ಅವರ ಫೈಲಿನಲ್ಲಿದೆ, ಜೂನ್‌ನಲ್ಲಿ ಕೊಟ್ಟದ್ದು. ‘ಸಿರಿಲ್, ವೆಡ್ಡಿಂಗ್ ಈ ತಿಂಗಳು ಅಲ್ಲವಾ? ಯಾವಾಗ?’ ಎಂದು ಎಲ್ಲರೆದುರು ಕೇಳಿದರು.

ಈಗ ನಡೆಯುತ್ತಾ ಇದೆ ಸರ್ ಎಂದೆ. ಅವರು ನಕ್ಕರು. ಯಾರದು ಎಂದರು. ನಾನು ತಮ್ಮನದು ಎಂದೆ, ರಜೆಯ ಅರ್ಜಿ ವಾಪಸು ಕೇಳಿದೆ.