ಅಗ್ಗದ ಕೈದನಿ, ಸಂಕಪ್ಪ ಕಾಕಾನ ಮಾತು

ಗೋಪುರಶಕ ನೂರಾ ಮೂವತ್ತನಾಲ್ಕು, ಹದಿಮೂರನೆಯ ತಿಂಗಳು
ಕಪ್ಪತಗುಡ್ಡದ ಮೂಡಣ ಬಯಲು

ನಮಗಿಂತ ಮೊದಲು ಈ ನೆಲದಲ್ಲಿ ಬಾಳಿದ ಹಿರಿಯರಿಗೆ ನಿಂಬೆವ್ವ ಮಾಡುವ ಶರಣು.

ಮೇಲಿನ ತಾರೀಖು ನಿಮ್ಮ ಯಾವ ಕ್ಯಾಲೆಂಡರಿನಲ್ಲೂ ಸಿಗುವುದಿಲ್ಲ. ನಿಮ್ಮ ಮೊಬೈಲ್ ಟವರುಗಳು ಮೂಕವಾದ ವರ್ಷದಿಂದ ನಾವು ಕಾಲವನ್ನು ಎಣಿಸುತ್ತೇವೆ. ಮಳೆಯೂ ಅಲ್ಲದ, ಚಳಿಯೂ ಅಲ್ಲದ, ಬರೀ ಕೆಂಪು ಧೂಳು ಏಳುವ ಕೆಲವು ವಾರಗಳು ನಿಮ್ಮ ಹನ್ನೆರಡು ತಿಂಗಳ ಲೆಕ್ಕಕ್ಕೆ ಒಗ್ಗಲಿಲ್ಲ. ಅವಕ್ಕೆ ಹದಿಮೂರನೆಯ ತಿಂಗಳೆಂದು ಹೆಸರಿಟ್ಟುಕೊಂಡೆವು. ನಡುವೆ ನಿಮಗೆ ಗುರುತಿಲ್ಲದ ಮಾತುಗಳು ಬರಬಹುದು, ಮನ್ನಿಸಿ. ಬಂದಲ್ಲೇ ಬಿಡಿಸಿ ಹೇಳುತ್ತೇನೆ. ಚೆಂದ ಮಾಡಿ ಬರೆಯುವಷ್ಟು ಕಸುವು ನನ್ನಲ್ಲಿ ಉಳಿದಿಲ್ಲ.

ನೀವು ಈ ಬಯಲಿನಲ್ಲಿ ನೆಟ್ಟುಹೋದ ಗಾಳಿಯಂತ್ರಗಳಿವೆಯಲ್ಲ, ನಿಮ್ಮ ಜನ ಫ್ಯಾನು ಅನ್ನುತ್ತಿದ್ದರಂತೆ, ಅವನ್ನು ನಾವು ರೆಕ್ಕೆಗಂಬ ಅನ್ನುತ್ತೇವೆ. ಅರ್ಧಕ್ಕರ್ಧ ಬಿದ್ದುಹೋಗಿವೆ. ಉಳಿದವನ್ನು ಒಂದೊಂದು ಮನೆಯವರು ಒಂದೊಂದರಂತೆ ಕಾಯುತ್ತೇವೆ. ಹಿಟ್ಟಿನ ಗಿರಣಿ, ಬಾವಿಯ ಪಂಪು, ಹೆರಿಗೆ ಕೋಣೆಯ ದೀಪ ಎಲ್ಲಕ್ಕೂ ಅವುಗಳ ಕರೆಂಟೇ ಗತಿ. ಕಂಬದೊಳಗಿನ ಏಣಿ ಹತ್ತಿ ತುದಿಯ ಪೆಟ್ಟಿಗೆಗೆ ಹೋಗಬೇಕು, ಅದು ತಲೆಮನೆ. ಒಬ್ಬರು ಮೇಲೆ ಹತ್ತಿದರೆ ಇನ್ನೊಬ್ಬರು ಕೆಳಗೆ ನಿಂತು ಗಾಳಿ ನೋಡಬೇಕು. ಮೇಲಿದ್ದವರ ಕಣ್ಣು ಕೆಲಸದಲ್ಲಿರುತ್ತದೆ. ನಮ್ಮ ಮನೆಯಲ್ಲಿ ಆಗ ಹತ್ತುತ್ತಿದ್ದವಳು ನನ್ನ ತಂಗಿ ಕಲ್ಲವ್ವ. ನನಗೆ ಅಟ್ಟ ಹತ್ತಿದರೂ ತಲೆ ತಿರುಗುತ್ತಿತ್ತು, ಹಾಗಾಗಿ ನಾನು ನೆಲದವಳು. ಇಬ್ಬರ ನಡುವಿನ ಮಾತಿಗೆ ಕೈದನಿ ಬೇಕು. ಕೈದನಿ ಎಂದರೆ ನಿಮ್ಮ ವಾಕಿಟಾಕಿ.

ಅಪ್ಪನ ಕಾಲದ ಜೋಡಿ ಕೆಟ್ಟು ನಿಂತಾಗ ಹೊಸದು ಕೊಳ್ಳಲು ನಾವಿಬ್ಬರೂ ಮುಂಡರಗಿ ಸಂತೆಗೆ ಹೋದೆವು. ಕೊಡಲು ನಮ್ಮಲ್ಲಿದ್ದದ್ದು ಒಂದು ಕರಿಕಂಬಳಿ, ಒಂದು ಚೀಲ ಎಳ್ಳು. ಕೈದನಿ ಮಾರುವ ಮಾಬುಸಾಬ ಹಾಸಿದ ಗೋಣಿಯ ಮೇಲೆ ಹತ್ತಾರು ಬಗೆ ಇಟ್ಟುಕೊಂಡಿದ್ದ. ಕಲ್ಲವ್ವನ ಕಣ್ಣು ಬಿದ್ದದ್ದು ಬಣ್ಣದ ಪರದೆ, ಆಂಟೆನಾದ ಉದ್ದ ಕಡ್ಡಿ, ಮೈತುಂಬ ಗುಂಡಿ ಇದ್ದ ಒಂದರ ಮೇಲೆ. ನಮ್ಮ ಪಕ್ಕದ ಕಂಬದ ಸಂಕಪ್ಪ ಕಾಕಾ ಹಿಂದಿನ ವರ್ಷ ಅಂಥದ್ದನ್ನೇ ಒಯ್ದಿದ್ದ.

"ಐವತ್ತು ಮೈಲು ಮುಟ್ಟತೈತಿ ಅಂತ ಡಬ್ಬಿ ಮ್ಯಾಲ ಬರದೈತಲ್ರೀ ಚಾಚಾ," ಎಂದಳು ಕಲ್ಲವ್ವ.

"ಬರದಾವ ಚಂದ್ರನ ಮ್ಯಾಲ ನಿಂತು ಅಳದಿರಬೇಕವ್ವ," ಎಂದ ಮಾಬುಸಾಬ. "ಎತ್ತರಕ್ಕ ಹತ್ತಿದ್ರ ಅಗ್ಗದ್ದೂ ದೂರ ಮುಟ್ಟತೈತಿ. ತಗ್ಗಿನ್ಯಾಗ ಕುಂತ್ರ ತುಟ್ಟೀದೂ ಕೆಮ್ಮತೈತಿ. ನಿಮ್ಮ ಎಳ್ಳಿಗೆ ಕಂಬಳಿಗೆ ಇದು ಒಂದ ಬರ್ತೈತಿ. ಒಂದು ಒಯ್ದು ಯಾರ ಕೂಡ ಮಾತಾಡ್ತಿ?"

ನಾನು ನಕ್ಕೆ. ಕಲ್ಲವ್ವ ನಗಲಿಲ್ಲ. ಮಾಬುಸಾಬ ಕಪ್ಪಗೆ ದಪ್ಪಗಿದ್ದ ಸಾದಾ ಜೋಡಿಯೊಂದನ್ನು ಮುಂದಿಟ್ಟ. ಮೇಲೊಂದು ತಿರುಗುಣಿ, ಬದಿಗೊಂದು ಒತ್ತುಗುಂಡಿ, ಅಷ್ಟೇ. ಒಂದನ್ನು ಕಲ್ಲವ್ವನ ಕೈಗೆ ಕೊಟ್ಟು ಸಂತೆಯ ಆಚೆಯ ಬೇವಿನ ಮರದ ತನಕ ಕಳಿಸಿದ. ಗದ್ದಲದ ನಡುವೆಯೂ ಅವಳ ದನಿ ಕಿವಿಯ ಪಕ್ಕದಲ್ಲಿದ್ದಂತೆ ಬಂತು. ಆ ಜೋಡಿಯ ಜೊತೆಗೆ ಎರಡು ಹೆಚ್ಚಿನ ಬ್ಯಾಟರಿಗಳೂ ಸಿಕ್ಕವು. ಕೊಡುವಾಗ ಅವನು ಬಳಸುವ ರೀತಿಯನ್ನೂ ಹೇಳಿದ: ಗುಂಡಿ ಒತ್ತಿದ ಕೂಡಲೇ ಬಾಯಿ ಬಿಡಬೇಡಿ, ಒಂದು ಉಸಿರು ತಾಳಿ, ಇಲ್ಲದಿದ್ದರೆ ಮೊದಲ ಮಾತು ನುಂಗಿಹೋಗುತ್ತದೆ. ಕಡ್ಡಿ ಹಿಡಿದು ಎತ್ತಬೇಡಿ, ಕಡ್ಡಿ ಬಿಚ್ಚಿಟ್ಟು ಮಾತಾಡಲೇಬೇಡಿ. ಮಾತು ಮುಗಿದ ಕೂಡಲೇ ಬೆರಳು ತೆಗೆಯಿರಿ. "ನೀ ಒತ್ತಿರೂ ತನಕ ನಿನಗ ಯಾರದೂ ಕೇಳಂಗಿಲ್ಲ. ಬ್ಯಾರೇದಾವ್ರಿಗೂ ದಾರಿ ಇರಂಗಿಲ್ಲ. ಈ ಸಾದಾದ್ದು ಭಾಳ ಹೊತ್ತು ಒತ್ತಿದ್ರ ತಾನ ಬಾಯಿ ಮುಚ್ಚತೈತಿ. ಆ ತುಟ್ಟೀದಕ್ಕ ಆ ಬುದ್ಧಿ ಇಲ್ಲ."

ದಾರಿಯುದ್ದಕ್ಕೂ ಕಲ್ಲವ್ವ ಅದನ್ನು ತಿರುಗಿಸಿ ತಿರುಗಿಸಿ ನೋಡಿದಳು. ಮನೆ ಹತ್ತಿರವಾದಾಗ ತನ್ನದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, "ಭಾರ ಐತಿ. ಆದ್ರ ಜಾರಂಗಿಲ್ಲ," ಎಂದಳು. ಅದು ಅವಳ ಒಪ್ಪಿಗೆ.

ನಮ್ಮ ಬಯಲಿನ ಕಂಬಗಳಿಗೆಲ್ಲ ಒಂದೇ ಚಾನೆಲ್ಲು. ಯಾರು ಗಾಳಿ ಕಂಡರೂ ಎಲ್ಲರಿಗೂ ತಿಳಿಯಲಿ ಎಂದು ಹಿಂದಿನವರು ಮಾಡಿದ ಏರ್ಪಾಡು. ಬೆಳಗ್ಗೆ ಒಬ್ಬೊಬ್ಬರೇ ಹಾಜರಿ ಹೇಳುತ್ತಾರೆ, ಆಮೇಲೆ ನೀರು, ಹಿಟ್ಟು, ಯಾರದೋ ಆಕಳು ಕರು ಹಾಕಿದ ಸುದ್ದಿ. ಸಂಕಪ್ಪ ಕಾಕಾ ಮಾತ್ರ "ಗಾಳಿ ಇಲ್ಲ" ಎಂದು ಹೇಳಿ ಸುಮ್ಮನಾಗುವವನು. ಒರಟು ಮನುಷ್ಯ. ಅವನ ಹೆಂಡತಿ ಫಕ್ಕೀರವ್ವ ತೀರಿಕೊಂಡಾಗಲೂ ಯಾರ ಎದುರೂ ಕಣ್ಣೀರು ಹಾಕಲಿಲ್ಲ. ಮಣ್ಣು ಕೊಡಲು ಬಂದವರಿಗೆ ನೀರು ಕೊಟ್ಟು, ಹೋಗಿಬರ್ರಿ ಅಂದುಬಿಟ್ಟಿದ್ದ. ಅವಳನ್ನು ಅವನ ಕಂಬದ ಬುಡದಲ್ಲೇ, ಜಾಲಿಗಿಡದ ಕೆಳಗೆ ಮಣ್ಣು ಮಾಡಿದ್ದರು.

ಆ ವರ್ಷದ ಹದಿಮೂರನೆಯ ತಿಂಗಳಲ್ಲಿ ಒಂದು ಮಧ್ಯಾಹ್ನ ಕಲ್ಲವ್ವ ತಲೆಮನೆಯ ಮಾಡಿನ ಮೇಲೆ, ಸೊಂಟಕ್ಕೆ ಹಗ್ಗ ಕಟ್ಟಿಕೊಂಡು, ಗಾಳಿಯ ದಿಕ್ಕು ತೋರುವ ಸಣ್ಣ ಬಾಲವನ್ನು ಬಿಚ್ಚುತ್ತಿದ್ದಳು. ಬಿಸಿಲಿಗೆ ತಲೆ ಕಣ್ಣೆಲ್ಲ ಬಟ್ಟೆ ಸುತ್ತಿಕೊಂಡು ಬಾಗಿ ಕೂತಿದ್ದಳು. ನಾನು ಕೆಳಗೆ. ಆಗ ಕೈದನಿಯಲ್ಲಿ ಯಾರೋ ಕೆಮ್ಮಿದ ಸದ್ದು, ಬಟ್ಟೆ ಉಜ್ಜಿದಂಥ ಸದ್ದು, ಹಿಂದೆಯೇ ಸಂಕಪ್ಪ ಕಾಕಾನ ದನಿ.

"ಫಕ್ಕೀರವ್ವ, ಇವತ್ತೂ ರೊಟ್ಟಿ ಕರಕಲಾದ್ವು ನೋಡು. ನೀ ಹೆಂಗ ಬಡೀತಿದ್ದಿ ಅಂತ ಒಂದಿನಾನೂ ನೋಡ್ಲಿಲ್ಲ ನಾ. ಉಣ್ಣೂದಷ್ಟ ಗೊತ್ತಿತ್ತು."

ಅವನ ಒತ್ತುಗುಂಡಿಗೆ ಧೂಳು ಕಚ್ಚಿ ಒಳಗೇ ಸಿಕ್ಕಿಕೊಂಡಿತ್ತು. ಅವನಿಗೆ ಅದು ಗೊತ್ತಿರಲಿಲ್ಲ. ಕೈದನಿ ಸೊಂಟದ ಚೀಲದಲ್ಲಿತ್ತು, ಅವನು ಹೆಂಡತಿಯ ಮಣ್ಣಿನ ಪಕ್ಕ ಕೂತು ಮಾತಾಡುತ್ತಿದ್ದ. ಇಡೀ ಬಯಲು ಕೇಳುತ್ತಿತ್ತು.

"ನಿನ್ನ ಸೀರಿ ಒಂದು ಹಗ್ಗದ ಮ್ಯಾಲ ಹಾಕೇನಿ. ದಿನಾ ಒಗದು ಹಾಕ್ತೀನಿ. ಗಾಳಿಗೆ ಹಾರಾಡಿದ್ರ, ಮನ್ಯಾಗ ಯಾರೋ ಅದಾರ ಅನ್ನಿಸ್ತೈತಿ. ಹುಚ್ಚ ಅನಬ್ಯಾಡ ಮತ್ತ."

ಕೇಳಬಾರದ್ದು ಕೇಳುತ್ತಿದ್ದೇನೆ ಅನ್ನಿಸಿ ಮುಖ ತಿರುಗಿಸಿದೆ, ಮುಖ ತಿರುಗಿಸಿದರೆ ಕಿವಿ ಮುಚ್ಚುತ್ತದೆಯೇ. ಹಾಗೆ ತಿರುಗಿದಾಗಲೇ ಬಯಲಿನಲ್ಲಿ ಬಿಟ್ಟಿದ್ದ ನಮ್ಮ ಕುರಿಗಳನ್ನು ನೋಡಿದೆ. ಮೇಯುವುದು ಬಿಟ್ಟು, ಗುಡ್ಡಕ್ಕೆ ಬೆನ್ನು ಮಾಡಿ, ತಲೆ ತಗ್ಗಿಸಿ ಒತ್ತೊತ್ತಾಗಿ ನಿಂತಿದ್ದವು. ಗುಡ್ಡದ ನೆತ್ತಿಯಲ್ಲಿ ಇಟ್ಟಿಗೆ ಪುಡಿಯಂಥ ಬಣ್ಣ ಏಳುತ್ತಿತ್ತು. ಕೆಂಗಾಳಿ.

ಗುಂಡಿ ಒತ್ತಿ ಕೂಗಿದೆ: "ಕಲ್ಲವ್ವಾ, ಒಳಗ ಹೋಗು! ಗಾಳಿ ಬಂತು!" ಬೆರಳು ತೆಗೆದರೆ ಅದೇ ದನಿ, ರೊಟ್ಟಿಯ ಮಾತು, ಸೀರೆಯ ಮಾತು. ಮತ್ತೆ ಒತ್ತಿದೆ, ಮತ್ತೆ ಕೂಗಿದೆ. ಅವನ ಕಂಬ ದಿಬ್ಬದ ಮೇಲಿತ್ತು, ಅವನ ಕೈದನಿ ಜೋರಿನದು. ಅದರ ಅಡಿಯಲ್ಲಿ ನನ್ನ ದನಿ ಹೂತುಹೋಯಿತು. ಚಾನೆಲ್ಲು ಹೀಗೆ ಕಟ್ಟಿಕೊಂಡರೆ ಬೇರೆ ಯಾವುದಕ್ಕೆ ಹೋಗಬೇಕೆಂದು ನಾವು ಯಾರೂ ಮಾತಾಡಿಕೊಂಡಿರಲಿಲ್ಲ. ಅಂಥ ದಿನ ಬಂದಿರಲೇ ಇಲ್ಲ.

ಕೈದನಿ ಎಸೆದು ಬಾವಿಯ ಹತ್ತಿರದ ಹಾರೆ ಎತ್ತಿಕೊಂಡೆ. ಕಂಬದ ಕಬ್ಬಿಣಕ್ಕೆ ಹಾರೆಯಿಂದ ಬಡಿದೆ. ದೊಡ್ಡ ಗಂಟೆಯಂತೆ ಕಂಬ ಮೊಳಗಿತು. ಬಡಿದೇ ಬಡಿದೆ, ಅಂಗೈ ಚರ್ಮ ಕಿತ್ತು ಬಂದದ್ದು ಆಮೇಲೆ ತಿಳಿಯಿತು. ಮೇಲೆ ಚುಕ್ಕೆಯಂತೆ ಕಾಣುತ್ತಿದ್ದ ಕಲ್ಲವ್ವ ತಲೆ ಎತ್ತಿದಳು, ಮುಖದ ಬಟ್ಟೆ ಸರಿಸಿದಳು. ಹಗ್ಗ ಬಿಚ್ಚಿ ಮಾಡಿನ ಬಾಗಿಲಿಗೆ ಕಾಲಿಟ್ಟದ್ದನ್ನು ನೋಡಿದೆ. ಅಷ್ಟರಲ್ಲಿ ಗಾಳಿ ನಮ್ಮ ಮೇಲೆ ಬಿತ್ತು. ಕೆಂಪೊಂದು ಬಿಟ್ಟು ಏನೂ ಕಾಣಲಿಲ್ಲ.

ಕಂಬದ ಬಾಗಿಲೊಳಗೆ ನುಗ್ಗಿ ಏಣಿಯ ಬುಡದಲ್ಲಿ ನಿಂತೆ. ಕತ್ತಲಲ್ಲಿ ಕಬ್ಬಿಣ ನರಳುತ್ತಿತ್ತು. ಬಹಳ ಹೊತ್ತಿನ ಮೇಲೆ ಅವಳ ಕಾಲು ಕಂಡಿತು. ಒಂದು ಕೈ ಮತ್ತು ಇನ್ನೊಂದರ ಮೊಣಕೈ ಹಚ್ಚಿ ಇಳಿದಿದ್ದಳು. ಮಾಡಿನ ಬಾಗಿಲನ್ನು ಗಾಳಿ ಬಡಿದಾಗ ಬಲಗೈಯ ಬೆರಳುಗಳು ಸಿಕ್ಕಿ ಜಜ್ಜಿಹೋಗಿದ್ದವು. ನನ್ನ ಹೆಗಲಿಗೆ ತಲೆ ಇಟ್ಟು, "ನಾ ಕೇಳಕೋತ ಕುಂತಿದ್ನೆಕ್ಕಾ," ಎಂದಳು. "ಪಾಪ, ಸೀರಿ ಮಾತು ಕೇಳಿ ಅಳೂ ಬಂದಿತ್ತು."

ಎಲುಬು ಕೂಡಿಸುವವರು ಬಂದು ಕಟ್ಟು ಹಾಕಿದರು. ಬೆರಳು ಕೂಡಿದವು, ಹಿಡಿತ ಬರಲಿಲ್ಲ. ಕಲ್ಲವ್ವ ಮತ್ತೆ ಕಂಬ ಹತ್ತಲಿಲ್ಲ. ಅಂದಿನಿಂದ ಹತ್ತುವವಳು ನಾನು. ಹೆದರಿಕೆ ಹೋಗಲಿಲ್ಲ, ಹೆದರಿಕೊಂಡೇ ಹತ್ತಿದೆ.

ಗಾಳಿ ಇಳಿದ ಮೇಲೆ ಸಂಕಪ್ಪ ಕಾಕಾ ನಮ್ಮ ಮನೆಗೆ ಬಂದ. ಒಳಗೆ ಬರದೆ ಕಟ್ಟೆಯ ಮೇಲೆ ಕೂತ. ಕೈದನಿಯನ್ನು ಪಕ್ಕದಲ್ಲಿಟ್ಟುಕೊಂಡಿದ್ದ. ಗುಂಡಿ ಸಿಕ್ಕಿಕೊಂಡದ್ದು ಬ್ಯಾಟರಿ ಸತ್ತ ಮೇಲೆ ಅವನಿಗೆ ಗೊತ್ತಾಗಿತ್ತು. ಕಲ್ಲವ್ವನ ಕಟ್ಟಿದ ಕೈಯನ್ನು ನೋಡಿ ನೆಲ ನೋಡಿದ.

"ನನ್ನಿಂದ ಆತಲ್ಲವ್ವ ಇದು."

"ಧೂಳಿನಿಂದ ಆತು ಕಾಕಾ. ಗುಂಡಿ ಯಾರದಾರ ಸಿಗಬಿದ್ದೀತು," ಎಂದಳು ಕಲ್ಲವ್ವ.

ಅವನು ಕೈದನಿಯನ್ನು ಬದಿಗೆ ಸರಿಸಿದ. ಆಮೇಲೆ ಬಹಳ ಸಣ್ಣ ದನಿಯಲ್ಲಿ ಕೇಳಿದ: "ಎಲ್ಲಾರೂ ಕೇಳಿದ್ರೇನು?"

 ಇಲ್ಲ ಅನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಕಲ್ಲವ್ವ ಹೇಳಿಬಿಟ್ಟಳು: "ಕೇಳಿದ್ವಿ ಕಾಕಾ. ಸೀರಿ ಮಾತು ಕೇಳಿದ್ವಿ, ರೊಟ್ಟಿ ಕರಕಲಾದದ್ದೂ ಕೇಳಿದ್ವಿ. ಇವತ್ತಿಂದ ಇಲ್ಲೇ ಉಣ್ಣಾಕ ಬರ್ರಿ. ನನ್ನ ಕೈ ಹಿಂಗಾಗೈತಿ, ಅಕ್ಕ ಬಡೀತಾಳ. ಅಕಿ ರೊಟ್ಟೀನೂ ಭಾಳ ಚಲೋ ಇರಂಗಿಲ್ಲ, ಹೇಳಿರ್ತೀನಿ."

ಆ ಮನುಷ್ಯ ಅತ್ತದ್ದನ್ನು ನಾನು ಅವತ್ತು ನೋಡಿದೆ. ಹೆಗಲ ಮೇಲಿನ ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡು, ಸದ್ದಿಲ್ಲದೆ. ಊಟಕ್ಕೆ ಬಂದ. ಬದುಕಿರುವ ತನಕ ಬಂದ. ಬರಿಗೈಲಿ ಬರಲಾರೆನೆಂದು ದಿನವೂ ಸೊಪ್ಪೋ ಉಳ್ಳಾಗಡ್ಡಿಯೋ ತರುತ್ತಿದ್ದ. ಬಯಲಿನವರು ಯಾರೂ ಆ ಮಾತನ್ನು ಅವನೆದುರು ಎತ್ತಲಿಲ್ಲ. ಆದರೆ ಬೆಳಗಿನ ಹಾಜರಿಯಲ್ಲಿ ಅವನ "ಗಾಳಿ ಇಲ್ಲ" ಬಂದ ಮೇಲೆ ಯಾರಾದರೊಬ್ಬರು "ಉಂಡ್ರೇನು ಸಂಕಪ್ಪ?" ಎಂದು ಕೇಳುವುದು ಶುರುವಾಯಿತು. ಅವನು "ಹ್ಞೂಂ" ಅನ್ನುತ್ತಿದ್ದ.

ಈಗ ಕಲ್ಲವ್ವನೂ ಇಲ್ಲ, ಕಾಕಾನೂ ಇಲ್ಲ. ನನ್ನ ಮಂಡಿ ಇನ್ನು ಏಣಿ ಹತ್ತಲಾರದು, ಕಂಬವೂ ಎಷ್ಟು ದಿನ ನಿಲ್ಲುತ್ತದೋ. ನೀವು ಮಾಡಿಟ್ಟದ್ದಕ್ಕೂ ಬಿಟ್ಟುಹೋದದ್ದಕ್ಕೂ ನಿಮ್ಮನ್ನು ಬೈಯಲು ನಾನು ಕೂತಿಲ್ಲ. ಬೈದು ಬೈದು ನಮ್ಮ ಅಜ್ಜಿಯರೇ ದಣಿದರು.

ಕೇಳುವುದಿಷ್ಟು. ಕೈದನಿ ಕೊಳ್ಳುವುದಾದರೆ ಅಗ್ಗದ್ದು ಸಾಕು, ಆದರೆ ಜೋಡಿ ಕೊಳ್ಳಿ, ಮನೆಯಲ್ಲಿ ಕೂತಲ್ಲಿ ಅಲ್ಲ, ಬಳಸುವ ಜಾಗದಲ್ಲೇ ಪರೀಕ್ಷಿಸಿ. ಚಾನೆಲ್ಲು ಕಟ್ಟಿಕೊಂಡರೆ ಯಾವುದಕ್ಕೆ ಹೋಗುವುದೆಂದು ಮೊದಲೇ ಮಾತಾಡಿಕೊಳ್ಳಿ. ಇನ್ನೊಂದು, ನಿಮ್ಮ ಓಣಿಯಲ್ಲೂ ಯಾರೋ ಒಬ್ಬರು ದಿನವೂ ಒಂದೇ ಮಾತು ಆಡಿ ಬಾಗಿಲು ಹಾಕಿಕೊಳ್ಳುತ್ತಿರಬಹುದು. ನಿಮ್ಮ ಕಾಲದಲ್ಲಿ ಮನೆಗಳು ಹತ್ತಿರ ಹತ್ತಿರ ಇದ್ದವಂತೆ, ನಡೆದುಹೋಗುವಷ್ಟು. ಹೋಗಿ, ಉಂಡಿರಾ ಎಂದು ಕೇಳಿ.