ಸೋಮವಾರದ ಆರನೇ ಫೋಟೊ

ಮೇಷ್ಟ್ರಿಗೆ,

ನೀವು ತೀರಿಕೊಂಡು ಇಂದಿಗೆ ಇಪ್ಪತ್ತು ದಿನ. ಅಂದು ನಾನು ಬರಲಿಲ್ಲ. ಬರಬೇಕಾಗಿದ್ದ ಇನ್ನೂ ಎಷ್ಟೋ ಜನ ಬಾರದಂತೆ ಮಾಡಿದವಳೂ ನಾನೇ. ಶಾಲೆಯಿಂದ ನಿವೃತ್ತರಾದ ಮೇಲೆ ನಮ್ಮ ಪ್ರೆಸ್ಸಿನಲ್ಲಿ ಹತ್ತೊಂಬತ್ತು ವರ್ಷ ಪ್ರೂಫ್ ನೋಡಿದವರು ನೀವು. ಒಂದು ಬಿಲ್ ಪುಸ್ತಕದ ತಪ್ಪನ್ನೂ ಸುಮ್ಮನೆ ಬಿಟ್ಟವರಲ್ಲ. ಆದ ತಪ್ಪು ಹೇಗಾಯಿತು ಎಂದು ನಿಮಗೆ ತಿಳಿಸುವುದು ನನ್ನ ಕೆಲಸ.

ಪ್ರೆಸ್ಸಿಗೆ ಒಂದು ಪೇಜ್ ಮಾಡಿ ಫೋನಿನಲ್ಲಿ ಜಾಹೀರಾತು ಹಾಕುವುದು ನಿಮಗೆ ಇಷ್ಟವಿರಲಿಲ್ಲ. ಬೇಡ ಅಂತಲೂ ಅನ್ನಲಿಲ್ಲ. ಮದುವೆ ಕಾಗದಗಳೆಲ್ಲ ಫೋನಿನಲ್ಲೇ ಹೋಗತೊಡಗಿ, ದೊಡ್ಡ ಮಷಿನ್ ವಾರದಲ್ಲಿ ಮೂರು ದಿನ ಸುಮ್ಮನೆ ನಿಲ್ಲುತ್ತಿದ್ದುದನ್ನು ನೀವೂ ನೋಡಿದ್ದಿರಿ. ಸಣ್ಣ ವ್ಯಾಪಾರದವರಿಗೆಂದು ನಡೆದ ಒಂದು ದಿನದ ತರಬೇತಿಗೆ ಹೋಗಿದ್ದೆ. ವಾರ ತಪ್ಪಿಸಬೇಡಿ, ನಿಮ್ಮ ಒಳ್ಳೆಯ ಕೆಲಸವನ್ನೇ ತೋರಿಸಿ ಎಂದು ಅಲ್ಲಿ ಹೇಳಿಕೊಟ್ಟರು. ಅಂದಿನಿಂದ ಪ್ರತಿ ಸೋಮವಾರ ಬೆಳಿಗ್ಗೆ ಆರು ಫೋಟೊ ಹಾಕುತ್ತ ಬಂದೆ. ಲೇಬಲ್, ವಿಸಿಟಿಂಗ್ ಕಾರ್ಡು, ಶಾಲೆಯ ಅರ್ಜಿ, ಹಿಂದಿನ ವಾರ ಅಚ್ಚಾದದ್ದು ಯಾವುದಾದರೂ ಸರಿ.

"ಏನಮ್ಮಾ ಓನರಮ್ಮ, ನಮ್ಮ ರಸೀದಿ ಪುಸ್ತಕಕ್ಕೆ ಎಷ್ಟು ಜನ ಚಪ್ಪಾಳೆ ಹೊಡೆದ್ರು?" ಎಂದು ಕನ್ನಡಕದ ಮೇಲಿನಿಂದ ಕೇಳುತ್ತಿದ್ದಿರಿ. ಹದಿನಾಲ್ಕು ಎಂದರೆ, "ಅದರಲ್ಲಿ ಹನ್ನೊಂದು ನಿನ್ನ ನೆಂಟರು" ಎನ್ನುತ್ತಿದ್ದಿರಿ. ಸಾಮಾನ್ಯವಾಗಿ ಅದು ನಿಜವೇ ಆಗಿರುತ್ತಿತ್ತು. ಆದರೂ ಕೆಲಸ ಬಂತು. ಮನೆಯಲ್ಲೇ ಸೋಪು ಮಾಡುವ ಹೆಂಗಸು, ಎರಡು ಬೇಕರಿ, ಒಂದು ಟ್ಯೂಷನ್ ಕ್ಲಾಸು ಪೇಜ್ ನೋಡಿಯೇ ನಮ್ಮಲ್ಲಿಗೆ ಬಂದವು. ಮಷಿನ್ ಮತ್ತೆ ಓಡಿತು.

ಆಮೇಲೆ ಒಂದು ಗುರುವಾರ ನೀವು ಬಾಗಿಲು ಮುಂದೆ ಮಾಡಿ ಒಂದು ಹಾಳೆ ಕೊಟ್ಟಿರಿ. ನಿಮ್ಮದೇ ನಿಧನವಾರ್ತೆಯ ಕಾರ್ಡು. "ದಿನಾಂಕದ ಜಾಗ ಖಾಲಿ ಬಿಡು. ನಾನು ಹೋದ್ಮೇಲೆ ಯಾರೋ ತಪ್ಪುತಪ್ಪಾಗಿ ಹೊಡೆಸೋದು ಬೇಡ." ಡಾಕ್ಟರು ನಾಲ್ಕು ತಿಂಗಳು ಎಂದಿದ್ದಾರೆ ಎಂದಿರಿ. "ಮನೇಲಿ ಅವಳಿಗೆ ಗೊತ್ತಿಲ್ಲ. ಗೊತ್ತಾದ್ರೆ ಅವತ್ತಿಂದಾನೇ ಮೆತ್ತಗಾಗ್ತಾಳೆ. ನಂಗೆ ಈ ನಾಲ್ಕು ತಿಂಗಳು ಮಾಮೂಲಾಗಿ ಬೇಕು. ಬೆಳಿಗ್ಗೆ ಬೈಸ್ಕೋಬೇಕು, ಸಂಜೆ ಬೈಸ್ಕೋಬೇಕು." ಯಾರಿಗೂ ಹೇಳುವುದಿಲ್ಲ ಎಂದೆ. ಬಾಯಿಬಿಟ್ಟು ಹೇಳಲೂ ಇಲ್ಲ.

ಆ ವಾರ ಐದೇ ಕೆಲಸ ಮುಗಿದಿದ್ದವು. ಸೋಮವಾರ ಬೆಳಿಗ್ಗೆ ಆರನೇ ಫೋಟೊಗೆ ಏನೂ ಸಿಗಲಿಲ್ಲ. ಮೇಜಿನ ಮೇಲೆ ನಿಮ್ಮ ಕಾರ್ಡಿನ ಪ್ರೂಫ್ ಇತ್ತು. ಕೆನೆ ಬಣ್ಣದ ಕಾಗದ, ಎಡಕ್ಕೆ ಚಿಕ್ಕದೊಂದು ಫೋಟೊ, ಸುತ್ತ ಬೇಕಾದಷ್ಟು ಖಾಲಿ ಜಾಗ, ನಾಲ್ಕು ಸಾಲು. ಆ ವರ್ಷದಲ್ಲಿ ನಾನು ಮಾಡಿದ ಎಲ್ಲಕ್ಕಿಂತ ಅಚ್ಚುಕಟ್ಟಾದ ಕೆಲಸ ಅದು. ಹೆಸರು, ವಿಳಾಸದ ಮೇಲೆ ಹೆಬ್ಬೆರಳು ಅಡ್ಡ ಇಟ್ಟು ಫೋಟೊ ತೆಗೆದೆ. ಅಕ್ಷರ ಕಾಣದಿದ್ದರೆ ಗುಟ್ಟು ಉಳಿಯಿತು ಎಂದುಕೊಂಡೆ. ಅಚ್ಚಿನವರ ಕಣ್ಣು ಅಕ್ಷರಕ್ಕೇ ಹೋಗುತ್ತದೆ. ಮುಖ ಮುಚ್ಚಬೇಕೆಂದು ನನಗೆ ಹೊಳೆಯಲೇ ಇಲ್ಲ.

ಮೂವತ್ತು ವರ್ಷ ಪಾಠ ಹೇಳಿದವರ ಮುಖಕ್ಕೆ ಹೆಸರು ಬೇಕಿಲ್ಲ. ಹತ್ತು ಗಂಟೆಗೆ ಯಾರೋ "ನಮ್ಮ ಮೇಷ್ಟ್ರು ಹೋದರು" ಎಂದು ಬರೆದು ಹಂಚಿದರು. ಮಧ್ಯಾಹ್ನದ ಹೊತ್ತಿಗೆ ಅದು ನಾನೂರು ಫೋನು ದಾಟಿತ್ತು. ನಾನು ಕಟಿಂಗ್ ಮಷಿನ್ ಹತ್ತಿರ ಇದ್ದೆ, ನೋಡಿರಲಿಲ್ಲ. ನಿಮ್ಮ ಹಳೆಯ ವಿದ್ಯಾರ್ಥಿಗಳು ಹೂವಿನ ಹಾರ ಹಿಡಿದು ಬಂದಾಗ ಹೆಗಲ ಮೇಲೆ ಟವೆಲ್ ಹಾಕಿಕೊಂಡು ನೀವೇ ಬಾಗಿಲು ತೆಗೆದಿರಂತೆ. ಅವರಲ್ಲಿ ಒಬ್ಬ ಟೈಲರ್ ನಕ್ಕೇಬಿಟ್ಟನಂತೆ, ಸಂತೋಷಕ್ಕೆ. ನಿಮ್ಮ ಹಿಂದೆ ನಿಂತಿದ್ದ ನಿಮ್ಮ ಹೆಂಡತಿ, ನಮಗೆಲ್ಲ ಅಮ್ಮ, ಮಾತ್ರ ಅವನ ಫೋನು ಈಸಿಕೊಂಡು ನೋಡಿ, "ಈ ಕಾರ್ಡು ಯಾಕೆ ಮಾಡ್ಸಿದ್ರಿ?" ಎಂದು ಕೇಳಿದರಂತೆ. ನಿಮಗೆ ಸುಳ್ಳು ಹೇಳಿ ಅಭ್ಯಾಸವಿರಲಿಲ್ಲ.

ಮಾರನೆಯ ದಿನ ನಿಮ್ಮ ಮನೆಗೆ ಬಂದೆ. "ಮಲಗಿದ್ದಾರೆ" ಎಂದು ಅಮ್ಮ ಗೇಟಿನಲ್ಲೇ ಹೇಳಿದರು. ನೀವು ಕಿಟಕಿಯ ಪಕ್ಕ ಪೇಪರು ಹಿಡಿದು ಕೂತಿದ್ದು ನನಗೆ ಕಾಣುತ್ತಿತ್ತು. ಕಾಣುತ್ತಿದೆ ಎಂದು ಅಮ್ಮನಿಗೂ ಗೊತ್ತಿತ್ತು. "ನಿನ್ನ ಮೇಲೆ ನಂಗೆ ಕೋಪ ಇಲ್ಲಮ್ಮ. ಆದ್ರೆ ಅವರನ್ನ ಬೈಯೋಕೆ ಈಗ ಬಾಯೇ ಬರ್ತಿಲ್ಲ" ಎಂದರು. ನೀವು ಬೇಕೆಂದು ಕೇಳಿದ್ದು ಆ ಬೈಗುಳವೊಂದೇ ಆಗಿತ್ತು. ನೀವು ಮತ್ತೆ ಪ್ರೆಸ್ಸಿಗೆ ಬರಲಿಲ್ಲ.

ಇನ್ನೊಂದು ವಿಷಯ ನಿಮಗೆ ಗೊತ್ತಿರಲಾರದು. ಅದೇ ಮಾದರಿಯ ಕಾರ್ಡು ಬೇಕೆಂದು ಆ ತಿಂಗಳು ಹದಿನೇಳು ಮನೆಯವರು ಫೋನ್ ಮಾಡಿದರು. ಹದಿನೇಳೂ ಅಚ್ಚು ಹಾಕಿ ಕೊಟ್ಟೆ. ಇಲ್ಲ ಎನ್ನಲು ಎರಡು ಸಲ ಬಾಯಿ ತೆರೆದಿದ್ದೆ, ಆಗಲಿಲ್ಲ.

ಪೇಜ್‌ನಿಂದ ಆ ಫೋಟೊ ಆ ಸೋಮವಾರವೇ ತೆಗೆದಿದ್ದೆ. ಹಂಚಿಕೊಂಡವರ ಕೈಯಿಂದ ತೆಗೆಯುವುದು ಸಾಧ್ಯವಿರಲಿಲ್ಲ. ವಾರಕ್ಕೊಮ್ಮೆಯಾದರೂ ಅದು ಎಲ್ಲಿಂದಲೋ ತಿರುಗಿ ಬರುತ್ತಿತ್ತು, ಯಾರೋ ಕೈ ಮುಗಿಯುತ್ತಿದ್ದರು. ಕಂಡಲ್ಲೆಲ್ಲ ನಾನು, "ಇದು ಸುಳ್ಳು ಸುದ್ದಿ, ಮೇಷ್ಟ್ರು ಚೆನ್ನಾಗಿದ್ದಾರೆ, ದಯವಿಟ್ಟು ಹಂಚಬೇಡಿ" ಎಂದು ಬರೆಯುತ್ತಿದ್ದೆ. ಎಷ್ಟು ಸಲ ಬರೆದೆನೆಂದರೆ, ಮೊದಲ ಅಕ್ಷರ ಒತ್ತಿದರೆ ಉಳಿದ ಸಾಲನ್ನು ಫೋನೇ ತೋರಿಸುತ್ತಿತ್ತು.

ಹನ್ನೊಂದು ವಾರದ ಮೇಲೆ, ಒಂದು ಬುಧವಾರ ಬೆಳಿಗ್ಗೆ, ಪೇಜ್‌ನಲ್ಲಿ ಒಬ್ಬರು ಕೇಳಿದ್ದರು. "ಮೇಷ್ಟ್ರು ಹೋದರಂತೆ, ನಿಜವೇ?" ಕೈಯಲ್ಲಿ ಕೆಲಸವಿತ್ತು. ಒಂದು ಅಕ್ಷರ ಒತ್ತಿದೆ, ಸಾಲು ಬಂತು, ಕಳಿಸಿದೆ. ಅರವತ್ತೊಂದು ಜನ ಅದನ್ನು ಮೆಚ್ಚಿದರು. ಅರವತ್ತೊಂದು ಜನ ಸಮಾಧಾನದಿಂದ ತಮ್ಮ ತಮ್ಮ ಕೆಲಸಕ್ಕೆ ಹೋದರು.

ನಾಲ್ಕನೆಯ ದಿನ ಅಮ್ಮ ಪ್ರೆಸ್ಸಿಗೆ ಬಂದರು. ಕೂರಲಿಲ್ಲ. "ಬುಧವಾರ ಸ್ಮಶಾನದಲ್ಲಿ ಒಂಬತ್ತು ಜನ ಇದ್ವಿ, ವ್ಯಾನ್ ಡ್ರೈವರ್ ಸೇರಿ" ಎಂದರು. ನಾನು ಬರೆದದ್ದನ್ನು ಅವರಿಗೆ ಹೇಳಿದೆ. ಅವರು, "ಆ ಕಾರ್ಡು ಇದ್ಯಾ? ದಿನ ತುಂಬ್ಸಿ ಹೊಡ್ಕೊಡು. ಪೇಜ್‌ನಲ್ಲಿ ಮಾತ್ರ ಹಾಕ್ಬೇಡ" ಎಂದರು.

ಇನ್ನೂರು ಹಾಕಿದೆ. ಮೂರು ಸಲ ನಾನೇ ಓದಿದೆ. ಆ ಅರವತ್ತೊಂದು ಹೆಸರುಗಳಲ್ಲಿ ವಿಳಾಸ ಸಿಕ್ಕವರಿಗೂ ಅಮ್ಮ ಕೊಟ್ಟ ಪಟ್ಟಿಯವರಿಗೂ ನಾನೇ ಮನೆಮನೆಗೆ ಹೋಗಿ ಕೊಡುತ್ತಿದ್ದೇನೆ. ಬಾಗಿಲು ತೆಗೆದವರು ಕಾರ್ಡು ನೋಡಿ, "ಇದು ಹಳೇದಲ್ವಾ?" ಎಂದೇ ಕೇಳುತ್ತಾರೆ. ಅಲ್ಲ ಎನ್ನುತ್ತೇನೆ. ನಿನ್ನೆ ಆ ಟೈಲರ್ ಅಂಗಡಿಗೆ ಹೋಗಿದ್ದೆ. "ಸುಳ್ಳು ಅಂತ ನೀವೇ ಬರ್ದಿದ್ರಲ್ಲ?" ಎಂದ. ಬರೆದಿದ್ದೆ ಎಂದೆ. ಅವನು ದಿನಾಂಕದ ಮೇಲೆ ಬೆರಳಿಟ್ಟು, "ಅವತ್ತು ಇಡೀ ದಿನ ಇಲ್ಲೇ ಇದ್ದೆ. ಹತ್ತು ನಿಮಿಷದ ದಾರಿ" ಎಂದ. ನನ್ನನ್ನು ಬೈಯಲಿಲ್ಲ. ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

ಇನ್ನೂ ನೂರಾ ನಲವತ್ತೆರಡು ಕಾರ್ಡು ಉಳಿದಿವೆ. ನಾಳೆ ಸ್ಟೇಷನ್ನಿನ ಹಿಂದಿನ ಬೀದಿ.

ಬರಬೇಕಾದವರು ಯಾರೂ ನಿಮ್ಮನ್ನು ಮರೆತು ಬಾರದೆ ಉಳಿದದ್ದಲ್ಲ, ಮೇಷ್ಟ್ರೇ. ಇಷ್ಟು ತಿಳಿದುಕೊಂಡು ನೆಮ್ಮದಿಯಾಗಿರಿ.

ಇಂತಿ,
ಪ್ರೆಸ್ಸಿನವಳು