ಗೂಬೆ ಹೊಕ್ಕ ಶಾಲೆಯಿಂದ ವಿದ್ಯಾಧಿಕಾರಿಗಳಿಗೆ

ಮಾನ್ಯ ವಿದ್ಯಾಧಿಕಾರಿಗಳೇ,

ತಮ್ಮ ಕಚೇರಿಯಿಂದ ಒಂದೇ ಟಪಾಲಿನಲ್ಲಿ ನನಗೆ ಎರಡು ಆಜ್ಞೆಗಳು ತಲುಪಿವೆ. ವನ್ಯಜೀವಿ ಸಪ್ತಾಹವನ್ನು ವಿಜೃಂಭಣೆಯಿಂದ ಆಚರಿಸಿ, ಮಕ್ಕಳಿಂದ ಹುಲಿಯ ಚಿತ್ರ ಬರೆಸಬೇಕೆಂಬುದು ಮೊದಲನೆಯದು. ಶಾಲೆಯ ಅಟ್ಟದಲ್ಲಿರುವ ಗೂಬೆಯ ಗೂಡನ್ನು ಸಪ್ತಾಹಕ್ಕೆ ಮುಂಚೆಯೇ ಕಿತ್ತೆಸೆಯಬೇಕೆಂಬುದು ಎರಡನೆಯದು. ಎರಡಕ್ಕೂ ತಮ್ಮದೇ ರುಜು. ಕಣ್ಣೆದುರಿನ ಜೀವಿಯನ್ನು ಓಡಿಸಿ, ಕಾಣದ ಹುಲಿಯನ್ನು ಪ್ರೀತಿಸಲು ಕಲಿಸುವ ವಿದ್ಯೆಯನ್ನು ನನಗೆ ಯಾವ ತರಬೇತಿಯಲ್ಲೂ ಹೇಳಿಕೊಡಲಿಲ್ಲ. ತಮಗೆ ತಿಳಿದಿದ್ದರೆ ದಯಮಾಡಿ ಕಲಿಸುವಿರಾ?

ಬಿಳಿಗೆರೆಯಾಚೆಯ ನಮ್ಮ ಶಾಲೆ ನಡೆಯುವುದು ತೆಂಗಿನ ಬೆಳೆಗಾರರಾದ ಕರಿಬಸವಯ್ಯನವರು ಬಿಟ್ಟುಕೊಟ್ಟ ಹಳೆಯ ಮನೆಯಲ್ಲಿ. ಅಟ್ಟ ಮಾತ್ರ ಇನ್ನೂ ಅವರದೇ; ಒಣಗಿ ಕೊಬ್ಬರಿಯಾಗಲೆಂದು ಅಲ್ಲಿ ಕಾಯಿ ತುಂಬಿದ್ದಾರೆ. ಕಾಯಿಗೆ ಇಲಿಗಳು ಬಂದವು, ಇಲಿಗಳಿಗೆ ಬಿಳಿ ಮುಖದ ಗೂಬೆಗಳು ಬಂದವು. ಪರಿಸರ ವಿಜ್ಞಾನದ ಪಾಠವೊಂದು ಮಕ್ಕಳ ತಲೆಯ ಮೇಲೆಯೇ ಸಂಸಾರ ಹೂಡಿತು.

ಜೀರ್ಣವಾಗದ ಎಲುಬು-ಕೂದಲನ್ನು ಗೂಬೆ ಉಗುಳಿದ ಉಂಡೆಯೊಂದನ್ನು ಏಳನೆಯ ತರಗತಿಯ ಸರ್ವಮಂಗಳ ಕಡ್ಡಿಯಿಂದ ಬಿಡಿಸಿದಳು. ಒಳಗೆ ಪುಟ್ಟ ತಲೆಬುರುಡೆ, ಉದ್ದನೆಯ ಹಲ್ಲು. “ಸಾ, ನಮ್ಮ ತೋಟದಲ್ಲಿ ಎಳನೀರು ಕೊರೆಯೋ ಇಲೀದು ಕಣ್ರೀ ಇದು! ನಮ್ಮಪ್ಪನ ಬೋನಿಗೆ ಬೀಳದ್ದನ್ನ ಗೂಬೆ ನುಂಗೈತೆ!” ಎಂದು ಕೂಗಿದಳು. “ಹಂಗಾದ್ರೆ ನಿಮ್ಮಪ್ಪನ್ನ ಮನೇಲಿ ಮಲಗಿಸಿ, ತೋಟದ ಕಾವಲಿಗೆ ಗೂಬೆ ಇಟ್ಕಳೇ,” ಎಂದ ಅವಳ ಸಹಪಾಠಿ ಗಂಗಾಧರ. ತರಗತಿಯೆಲ್ಲ ನಕ್ಕಿತು. ನಾನು ಈ ಶಾಲೆಯಲ್ಲಿ ಕೇಳಿದ ಕೊನೆಯ ನಗು ಅದು.

ಗೂಬೆ ಹೊಕ್ಕ ಮನೆಯನ್ನು ಕೆಲವು ತಿಂಗಳು ತೊರೆಯುವುದು ನಮ್ಮ ಕಡೆಯ ರೂಢಿ. ಗೂಬೆಯ ಸುದ್ದಿ ತಿಳಿದ ಊರವರು ಮಕ್ಕಳನ್ನು ಚಾವಡಿಗೆ ಕರೆದೊಯ್ದರು. ಅಲ್ಲಿ ನನ್ನ ಸಹೋದ್ಯೋಗಿ ಪಾಠ ಹೇಳುತ್ತಾರೆ. ಗೂಬೆಯ ಪಕ್ಷ ವಹಿಸಿದ ನಾನು ಅಲ್ಲಿಗೆ ಬೇಡವಾದೆ. “ನಿಮಗೇನು ಬುಡಿ ಮೇಷ್ಟ್ರೇ, ಹೆಂಡ್ತಿಲ್ಲ, ಮಕ್ಕಳಿಲ್ಲ. ಗೂಬೆ ಜೊತೇಲೇ ಸಂಸಾರ ಮಾಡಿ!” ಎಂದರು ಕರಿಬಸವಯ್ಯನವರು. ಅವರ ಭಯವನ್ನು ನಾನು ಹಳಿಯಲಾರೆ. ಅದು ಹಿರಿಯರಿಂದ ಬಂದದ್ದು. ಆದರೆ ತಮ್ಮ ಆಜ್ಞೆ ಎಲ್ಲಿಂದ ಬಂತು, ಮಾನ್ಯರೇ? ಭಯವನ್ನು ಬಿಡಿಸಬೇಕಾದ ಇಲಾಖೆಯೇ ಅದಕ್ಕೆ ಮೊಹರು ಒತ್ತಬಹುದೇ?

ಈಗ ಬೆಳಿಗ್ಗೆ ನಾನೊಬ್ಬನೇ ಬೀಗ ತೆಗೆದು, ಖಾಲಿ ಮಣೆಗಳೆದುರು ಕೂರುತ್ತೇನೆ. ಕಾಯಿರಾಶಿಯ ಹಿಂದಿನಿಂದ ಮರಿಗಳು ಹಾವಿನಂತೆ ಬುಸುಗುಟ್ಟುತ್ತವೆ. ಅವಕ್ಕಿನ್ನೂ ರೆಕ್ಕೆ ಬಲಿತಿಲ್ಲ. ಗೂಡು ಕಿತ್ತರೆ ಸಾಯುತ್ತವೆ.

ಆದ್ದರಿಂದ ಎರಡನೆಯ ಆಜ್ಞೆಯನ್ನು ಕೂಡಲೇ ಹಿಂತೆಗೆದುಕೊಳ್ಳಿ. ಒಂದು ಸಂಜೆ ತಾವೇ ಬಂದು, ಊರವರನ್ನೂ ಮಕ್ಕಳನ್ನೂ ನಮ್ಮ ಅಂಗಳಕ್ಕೆ ಕರೆಯಿರಿ. ತಾಯಿಗೂಬೆ ಇಲಿ ಹಿಡಿದು ಮರಳುವುದನ್ನು ಎಲ್ಲರೂ ಕೂಡಿ ನೋಡೋಣ. ನಾನು ಕರೆದರೆ ಯಾರೂ ಬರುವುದಿಲ್ಲ. ತಾವು ಕರೆದರೆ ಬರುತ್ತಾರೆ.

ನಿನ್ನೆ ದಾರಿಯಲ್ಲಿ ಸರ್ವಮಂಗಳ ಎದುರಾದಳು. “ಮರಿ ಹಾರಿದ್ವಾ ಸಾ?” ಎಂದು ಮೆಲ್ಲಗೆ ಕೇಳುವಷ್ಟರಲ್ಲಿ ಅವಳ ತಾಯಿ ಕೈಹಿಡಿದು ಎಳೆದುಕೊಂಡು ಹೋದರು. ಆ ಮಗುವಿಗೆ ನಾನಿನ್ನೂ ಉತ್ತರ ಹೇಳಿಲ್ಲ. ಅದನ್ನು ತಾವು ಕೊಡಬೇಕು.

ಇಂತಿ,
ಸಪ್ತಾಹಕ್ಕೆ ಹುಲಿಯ ಚಿತ್ರ ಕಳುಹಿಸಲಾರದ,
ಮಕ್ಕಳಿಲ್ಲದ ಶಾಲೆಯ ಮೇಷ್ಟ್ರು
ತಿಪಟೂರು ತಾಲ್ಲೂಕು, ಸೆಪ್ಟೆಂಬರ್ ೧೯೭೮